ಗಜನಿಯ ಸವಳು ನೀರಲ್ಲಿ ನೀಲಿಹಸಿರು ಪಾಚಿ: ಜೀನೇ ಬದಲಾಗತ್ತಾ, ಇಲ್ಲಾ ಇದ್ದ ಜೀನು ಆನ್ ಆಗತ್ತಾ?

ಅಳಿವೆ_ಬಾಟನಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಎಮ್ಮೆಸ್ಸಿ ಬಾಟನಿ ಕೊನೇ ವರ್ಷ ಓದ್ತಿದ್ದೀನಿ, ಪ್ರಾಜೆಕ್ಟಿಗೆ ಕುಮಟಾ ಹತ್ರ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನ ತಗೊಂಡಿದ್ದೀನಿ. ಘಟ್ಟದ ಮೇಲಿನೋರಿಗೆ ಗೊತ್ತಿರಲಿಕ್ಕಿಲ್ಲ ಅಂತ ಹೇಳ್ತೀನಿ, ಗಜನಿ ಅಂದ್ರೆ ಉಬ್ಬರದ ನೀರು ಒಳಗೆ ಬರೋ ತಗ್ಗಿನ ಜಮೀನು, ಮಳೆಗಾಲದಲ್ಲಿ ಹೊಳೆ ನೀರು ತುಂಬಿ ಉಪ್ಪೆಲ್ಲಾ ತೊಳೆದು ಹೋಗತ್ತೆ, ಆಗ ಅಲ್ಲಿ ಕಗ್ಗ ಭತ್ತ ಬೆಳೀತಾರೆ, ಕೊಯ್ಲಾದ್ಮೇಲೆ ಉಪ್ಪು ನೀರು ಬಿಟ್ಟು ಸಿಗಡಿ, ಮೀನು ಮಾಡ್ತಾರೆ. ಅಂದ್ರೆ ಒಂದೇ ಜಾಗ ಜುಲೈನಲ್ಲಿ ಹೆಚ್ಚೂಕಮ್ಮಿ ಸಿಹಿನೀರು, ಏಪ್ರಿಲ್‌ನಲ್ಲಿ ಹೆಚ್ಚೂಕಮ್ಮಿ ಸಮುದ್ರ.

ಈಗ ನನ್ನ ಪ್ರಶ್ನೆ. ಎರಡು ಕಾಲದಲ್ಲೂ ಅಲ್ಲಿ ನೀಲಿಹಸಿರು ಪಾಚಿ ಅಂದ್ರೆ ಸೈನೋಬ್ಯಾಕ್ಟೀರಿಯಾ ಸಿಗತ್ತೆ, ಕೆಸರಿನ ಮೇಲೆ ಪದರ ಪದರವಾಗಿ ಕೂತಿರತ್ತೆ. ನನ್ನ ಕ್ಲಾಸ್‌ಮೇಟ್ಸ್ ಹೇಳೋದು "ಉಪ್ಪಿನ ಒತ್ತಡಕ್ಕೆ ಅವು ಮ್ಯುಟೇಶನ್ ಆಗಿ ಹೊಂದಿಕೊಳ್ತವೆ" ಅಂತ, ಮ್ಯುಟೇಶನ್ ಅಂದ್ರೆ ಡಿಎನ್‌ಎ ಅಕ್ಷರಗಳೇ ಬದಲಾಗೋದು. ನಂಗೆ ಇದು ಸರಿ ಅನ್ನಿಸ್ತಿಲ್ಲ, ಯಾಕಂದ್ರೆ ವರ್ಷಾ ವರ್ಷಾ ಉಪ್ಪು ಬಂದು ಹೋಗೋ ಕಡೆ ಪ್ರತಿ ಸಲ ಮ್ಯುಟೇಶನ್ ಆಗಿ ಮತ್ತೆ ವಾಪಸ್ ಆಗೋಕೆ ಹೇಗೆ ಸಾಧ್ಯ? ಆದ್ರೆ ಇನ್ನೊಂದು ಕಡೆ ಮೈಕ್ರೋಸಿಸ್ಟಿಸ್ ಅನ್ನೋ ಸಿಹಿನೀರಿನ ನೀಲಿಹಸಿರು ಪಾಚಿ ಉಪ್ಪು ನೀರಿಗೆ ಇಳಿದದ್ದು ಹೊಸ ಜೀನ್ ಪಡ್ಕೊಂಡು ಅಂತ ಎಲ್ಲೋ ಓದಿದೆ. ಹಾಗಾದ್ರೆ ಯಾವುದು ನಿಜ? ಒಂದೇ ಸೆಲ್ ಒಳಗೆ ಏನಾಗತ್ತೆ, ಪೀಳಿಗೆಯಿಂದ ಪೀಳಿಗೆಗೆ ಏನಾಗತ್ತೆ, ಇದನ್ನ ಬಿಡಿಸಿ ಹೇಳೋರು ಇದ್ರೆ ದಯವಿಟ್ಟು ಹೇಳಿ. ನಮ್ಮ ಲ್ಯಾಬಲ್ಲಿ ಮೈಕ್ರೋಸ್ಕೋಪು, ಡಿಎನ್‌ಎಯ ಬೇಕಾದ ತುಣುಕನ್ನ ನಕಲು ಮಾಡಿ ಹೆಚ್ಚಿಸೋ ಒಂದು ಪಿಸಿಆರ್ ಮಷಿನ್ನು, ಕಲ್ಚರ್ ರ‍್ಯಾಕು ಇಷ್ಟೇ ಇರೋದು, ಅದಕ್ಕೆ ಹೊಂದೋ ಹಾಗೆ ಏನು ಮಾಡಬಹುದು ಅಂತಾನೂ ಹೇಳಿದ್ರೆ ಉಪಕಾರ ಆಗತ್ತೆ.

ಬಿಜಿ_ಹನ್ನೊಂದು:

ಒಳ್ಳೇ ಪ್ರಶ್ನೆ ತಂಗಿ, ನಿಮ್ಮ ಅನುಮಾನ ಸರಿಯಾಗೇ ಇದೆ, ಅದನ್ನ ಬಿಡಬೇಡಿ. ನಾನು ಪಿಎಚ್‌ಡಿ ಮಾಡಿದ್ದು ಸೈನೋಗಳ ಉಪ್ಪಿನ ಒತ್ತಡದ ಮೇಲೇನೇ, ಸೆಲ್ ಒಳಗಿನ ಕಥೆ ನಾನು ಹೇಳ್ತೀನಿ, ಜೀನೋಮಿನ ಕಥೆ ಇಲ್ಲಿ ಬೇರೆಯೋರು ಇದಾರೆ ಅವರು ಹೇಳಲಿ.

ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ರೆ ನೀರು ಬಿಡತ್ತಲ್ಲ, ಉಪ್ಪು ನೀರಿಗೆ ಸಿಕ್ಕ ಸೆಲ್ಲಿಗೂ ಮೊದಲು ಆಗೋದು ಅದೇ. ಸೆಕೆಂಡುಗಳ ಒಳಗೆ ನೀರು ಹೊರಗೆ ಹೋಗತ್ತೆ, ಸೆಲ್ ಕುಗ್ಗತ್ತೆ, ಜೊತೆಗೇ ಹೊರಗಿನ ಸೋಡಿಯಂ ಕ್ಲೋರೈಡ್ ಒಳಗೆ ನುಗ್ಗತ್ತೆ. ಸೋಡಿಯಂ ಒಳಗೆ ಜಾಸ್ತಿ ಆದ್ರೆ ಎಂಜೈಮುಗಳು ಕೆಲಸ ಮಾಡಲ್ಲ, ಅದಕ್ಕೆ ನಿಮಿಷಗಳ ಲೆಕ್ಕದಲ್ಲಿ ಸೆಲ್ಲು ಪೊಟ್ಯಾಶಿಯಂ ಒಳಗೆ ಎಳ್ಕೊಂಡು ಸೋಡಿಯಂನ ಹೊರಗೆ ತಳ್ಳತ್ತೆ, ಇದಕ್ಕೆ ಪೊರೆಯಲ್ಲಿ ಸೋಡಿಯಂ ಹೊರಗೆ ಪ್ರೋಟಾನ್ ಒಳಗೆ ಅದಲುಬದಲು ಮಾಡೋ ಪ್ರೋಟೀನುಗಳಿವೆ. ಆದ್ರೆ ಪೊಟ್ಯಾಶಿಯಂ ಕೂಡ ತುಂಬಾ ಹೊತ್ತು ಜಾಸ್ತಿ ಇರೋ ಹಾಗಿಲ್ಲ. ಹಾಗಾಗಿ ಮುಂದಿನ ಗಂಟೆಗಳಲ್ಲಿ ಸೆಲ್ಲು ತಾನೇ ಒಂದು ಸಣ್ಣ ಸಕ್ಕರೆ ಥರದ ಪದಾರ್ಥ ತಯಾರು ಮಾಡಿ ಒಳಗೆ ತುಂಬ್ಕೊಳತ್ತೆ, ಅದು ಎಷ್ಟೇ ತುಂಬಿದ್ರೂ ಪ್ರೋಟೀನುಗಳಿಗೆ ತೊಂದ್ರೆ ಕೊಡಲ್ಲ, ಹೊರಗಿನ ಉಪ್ಪಿಗೆ ಸರಿಸಮ ಆಗಿ ನೀರನ್ನ ಒಳಗೇ ಹಿಡಿದಿಡತ್ತೆ. ಯಾವ ಪದಾರ್ಥ ಅನ್ನೋದರ ಮೇಲೆ ಆ ತಳಿ ಎಷ್ಟು ಉಪ್ಪು ತಡಿಯತ್ತೆ ಅನ್ನೋದು ಬಹುಮಟ್ಟಿಗೆ ನಿಂತಿದೆ. ಸಿಹಿನೀರಿನವು ಸಾಮಾನ್ಯವಾಗಿ ಸುಕ್ರೋಸ್ ಇಲ್ಲಾ ಟ್ರೆಹಲೋಸ್ ಮಾಡ್ತವೆ, ಅದಕ್ಕಿಂತ ಜಾಸ್ತಿ ತಡಿಯೋವು ಗ್ಲುಕೋಸಿಲ್‌ಗ್ಲಿಸರಾಲ್, ಇನ್ನು ಉಪ್ಪಿನಾಗರದ ಗಟ್ಟಿ ಉಪ್ಪು ನೀರಲ್ಲಿರೋವು ಗ್ಲೈಸಿನ್ ಬೀಟೇನ್.

ಇದರಲ್ಲಿ ಅತೀ ಚೆನ್ನಾಗಿ ಓದಿರೋದು ಸಿನೆಕೋಸಿಸ್ಟಿಸ್ 6803 ಅನ್ನೋ ತಳಿ. ಇದನ್ನ ಕ್ಯಾಲಿಫೋರ್ನಿಯಾದ ಸಿಹಿನೀರಿನ ಕೆರೆಯಿಂದ ತೆಗೆದದ್ದು, 1996ರಲ್ಲಿ ಜಪಾನಿನ ಕಝುಸಾ ಸಂಸ್ಥೆಯೋರು ಇದರ ಪೂರ್ತಿ ಜೀನೋಮ್ ಓದಿದ್ರು, ದ್ಯುತಿಸಂಶ್ಲೇಷಣೆ ಮಾಡೋ ಜೀವಿಗಳಲ್ಲಿ ಅದೇ ಮೊದಲನೇದು. ಸಿಹಿನೀರಿಂದ ಬಂದದ್ದಾದ್ರೂ ಸಮುದ್ರದ ನೀರಿನ ಸುಮಾರು ಎರಡು ಪಟ್ಟು ಉಪ್ಪಿನವರೆಗೂ ತಡ್ಕೊಳತ್ತೆ. ಒಂದೇ ಒಂದು ಹೊಸ ಜೀನ್ ಬರದೆ, ಮ್ಯುಟೇಶನ್ ಆಗದೆ. ಎಲ್ಲಾ ಸಲಕರಣೆ ಮೊದಲೇ ಒಳಗಿದೆ, ಉಪ್ಪು ಬಂದಾಗ ಕೆಲಸಕ್ಕೆ ಇಳಿಯತ್ತೆ ಅಷ್ಟೆ.

ಇಲ್ಲಿ ನಂಗೆ ತುಂಬಾ ಇಷ್ಟವಾದ ಒಂದು ವಿಷಯ ಹೇಳಲೇಬೇಕು. ಗ್ಲುಕೋಸಿಲ್‌ಗ್ಲಿಸರಾಲ್ ಮಾಡೋ ಮುಖ್ಯ ಎಂಜೈಮಿನ ಹೆಸರು ಜಿಜಿಪಿಎಸ್. ಉಪ್ಪು ಕಮ್ಮಿ ಇರೋವಾಗ್ಲೂ ಈ ಎಂಜೈಮು ಸೆಲ್ಲಲ್ಲಿ ಸ್ವಲ್ಪ ಇದ್ದೇ ಇರತ್ತೆ, ಆದ್ರೆ ಡಿಎನ್‌ಎಗೆ ವಿದ್ಯುತ್ ಆಕರ್ಷಣೆಯಿಂದ ಅಂಟ್ಕೊಂಡು ಸುಮ್ನೆ ಕೂತಿರತ್ತೆ. ಉಪ್ಪು ಒಳಗೆ ನುಗ್ಗಿದ ತಕ್ಷಣ ಆ ಅಯಾನುಗಳೇ ಆ ಅಂಟನ್ನ ಬಿಡಿಸ್ತವೆ, ಎಂಜೈಮು ಬಿಡುಗಡೆ ಆಗಿ ಆಗಿಂದಾಗ್ಲೇ ಕೆಲಸ ಶುರು ಮಾಡತ್ತೆ. ಅಂದ್ರೆ ಮೊದಲ ಉತ್ತರಕ್ಕೆ ಜೀನ್ ಆನ್ ಆಗೋದೂ ಬೇಕಿಲ್ಲ! ಜೀನ್ ಜಾಸ್ತಿ ಓದಿಸ್ಕೊಂಡು ಹೊಸ ಎಂಜೈಮು ತಯಾರಾಗೋದು ಆಮೇಲಿನ ಮಾತು. ರೋಸ್ಟಾಕ್‌ನಲ್ಲಿ ಮಾರ್ಟಿನ್ ಹಾಗೆಮನ್ ಅವರ ಗುಂಪು ವರ್ಷಗಟ್ಟಲೆ ಕೂತು ಈ ಇಡೀ ದಾರಿಯನ್ನ ಬಿಡಿಸಿದ್ದು, ಬಾಲ್ಟಿಕ್ ಸಮುದ್ರದ ದಡದ ಊರು ಅದು, ಅಲ್ಲಿಯೋರಿಗೆ ಸವಳು ನೀರು ಅಂದ್ರೆ ಮನೆ ಬಾಗಿಲಲ್ಲಿರೋ ವಿಷಯ.

ನಿಮ್ಮ ಗಜನಿಗೆ ಇನ್ನೂ ಮುಖ್ಯವಾದದ್ದು ಉಲ್ಟಾ ದಿಕ್ಕು, ಇದನ್ನ ಜನ ಮರೀತಾರೆ. ಜೂನ್‌ನಲ್ಲಿ ಜೋರು ಮಳೆ ಬಂದು ನೀರು ಸಿಹಿ ಆದಾಗ ಒಳಗೆ ತುಂಬಿಟ್ಕೊಂಡಿರೋ ಸಕ್ಕರೆಯಿಂದಾಗಿ ನೀರು ಒಳಗೆ ನುಗ್ಗಿ ಸೆಲ್ ಒಡಿಯೋ ಅಪಾಯ. ಆಗ ಆ ಪದಾರ್ಥವನ್ನ ಬೇಗ ಹೊರಗೆ ಬಿಡಬೇಕು ಇಲ್ಲಾ ಒಡೆದು ಹಾಕಬೇಕು, 6803ರಲ್ಲಿ ಒಡೆಯೋಕೇ ಅಂತ ಬೇರೆ ಎಂಜೈಮು ಇದೆ. ಉಪ್ಪು ಏರೋವಾಗ ತಡಿಯೋದು ಎಷ್ಟು ಮುಖ್ಯವೋ ಇಳಿಯೋವಾಗ ತಡಿಯೋದೂ ಅಷ್ಟೇ ಮುಖ್ಯ, ಗಜನಿಯಲ್ಲಿ ಬದುಕೋಕೆ ಎರಡೂ ಬರಬೇಕು.

ಇನ್ನೊಂದು, ಉಪ್ಪು ಒಂದೇ ಬರಲ್ಲ. ಏಪ್ರಿಲ್ ಅಂದ್ರೆ ಬಿಸಿಲೂ ಇದೆ, ಬೆಳಕು ಜಾಸ್ತಿ ಆದ್ರೆ ದ್ಯುತಿಸಂಶ್ಲೇಷಣೆಗೆ ಬೆಳಕು ಹಿಡಿಯೋ ದ್ಯುತಿವ್ಯವಸ್ಥೆ ಎರಡು ಅನ್ನೋ ಭಾಗ ದಿನಾ ಹಾಳಾಗತ್ತೆ, ಸೆಲ್ಲು ಅದನ್ನ ದಿನಾ ರಿಪೇರಿ ಮಾಡ್ತಿರತ್ತೆ, ಉಪ್ಪು ಆ ರಿಪೇರಿಯನ್ನೇ ನಿಲ್ಲಿಸತ್ತೆ. ಹಾಗಾಗಿ ಬೆಳಕು ಬೇರೆ ಉಪ್ಪು ಬೇರೆ ಅಂತ ಕೂಡಿಸಿದ್ರೆ ಲೆಕ್ಕ ತಪ್ಪತ್ತೆ, ಎರಡೂ ಸೇರಿದಾಗ ಹೊಡೆತ ದೊಡ್ಡದು. ಸೆಲ್ಲಿಗೂ ಇದು ಗೊತ್ತಿದ್ದ ಹಾಗಿದೆ, ಎಚ್‌ಐಕೆ33 ಅನ್ನೋ ಒಂದೇ ಸೆನ್ಸರ್ ಪ್ರೋಟೀನು ಚಳಿ, ಉಪ್ಪು, ಜಾಸ್ತಿ ಬೆಳಕು ಇಷ್ಟಕ್ಕೂ ಸಂಬಂಧಪಟ್ಟ ಜೀನುಗಳನ್ನ ನೋಡ್ಕೊಳತ್ತೆ.

ಅಳಿವೆ_ಬಾಟನಿ:

ಸರ್ ತುಂಬಾ ತುಂಬಾ ಥ್ಯಾಂಕ್ಸ್, ಡಿಎನ್‌ಎಗೆ ಅಂಟ್ಕೊಂಡಿರೋ ಎಂಜೈಮ್ ವಿಷಯ ನಮ್ಮ ಟೆಕ್ಸ್ಟ್ ಬುಕ್ಕಲ್ಲಿ ಇಲ್ವೇ ಇಲ್ಲ. ಹಾಗಾದ್ರೆ ಒಂದೇ ಸೆಲ್ಲು ಎರಡೂ ಕಾಲ ತಡ್ಕೊಳ್ಳೋಕೆ ಆಗತ್ತೆ ಅಂತಾಯ್ತು. ಮತ್ತೆ ಮೈಕ್ರೋಸಿಸ್ಟಿಸ್ ಹೊಸ ಜೀನ್ ಪಡ್ಕೊಂಡಿದ್ದು ಅನ್ನೋದು? ಸಲಕರಣೆ ಮೊದಲೇ ಇದ್ರೆ ಹೊಸದು ಯಾಕೆ ಬೇಕಾಯ್ತು?

ಜೀನೋಮ್_ಗಿರಣಿ:

ಯಾಕಂದ್ರೆ ಎಲ್ಲಾ ತಳಿಯಲ್ಲೂ ಸಲಕರಣೆ ಇಲ್ಲ ಮೇಡಂ. ಬಿಜಿ_ಹನ್ನೊಂದು ಸರ್ ಹೇಳಿದ 6803 ಪುಣ್ಯವಂತ ತಳಿ, ಮೈಕ್ರೋಸಿಸ್ಟಿಸ್ ಕಥೆ ಬೇರೆ.

ನೀವು ಓದಿದ್ದು ಬಹುಶಃ 2018ರಲ್ಲಿ ಜಪಾನಿನ ತನಬೆ ಮತ್ತು ಜೊತೆಗಾರರು ಬರೆದ ಪೇಪರ್ ಬಗ್ಗೆ ಇರಬೇಕು, ನನ್ನ ಪ್ರಕಾರ ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ಕೆಲಸ ಅದು. ಮೈಕ್ರೋಸಿಸ್ಟಿಸ್ ಎರುಜಿನೋಸಾ ಅಂದ್ರೆ ಗೊಬ್ಬರ, ಚರಂಡಿ ನೀರು ಸೇರೋ ಸಿಹಿನೀರಿನ ಕೆರೆಗಳಲ್ಲಿ ಹಸಿರು ಪೇಂಟ್ ಚೆಲ್ಲಿದ ಹಾಗೆ ತೇಲೋ ಪಾಚಿ. ಸಿಹಿನೀರಿನದ್ದೇ ಆದ್ರೂ ಅಲ್ಲಲ್ಲಿ ಸವಳು ನೀರಲ್ಲೂ ಕಾಣಿಸ್ಕೊಳ್ತಿತ್ತು. ಇವರು ಜಪಾನಿನ ಎರಡು ಸವಳು ಸರೋವರಗಳಿಂದ, ಶಿಮಾನೆ ಕಡೆಯ ಶಿಂಜಿ ಮತ್ತೆ ಹೊಕ್ಕಾಯ್ಡೋದ ತೋಫುತ್ಸು, ಉಪ್ಪು ತಡಿಯೋ ತಳಿಗಳನ್ನ ಬೇರ್ಪಡಿಸಿ ಜೀನೋಮ್ ಓದಿದ್ರು. ಎರಡರಲ್ಲೂ ಸುಕ್ರೋಸ್‌ಗೆ ಸಂಬಂಧಪಟ್ಟ ಮೂರು ಜೀನುಗಳ ಗುಂಪು ಇತ್ತು, ಎಸ್‌ಪಿಎಸ್‌ಎ, ಎಸ್‌ಪಿಪಿಎ, ಎಸ್‌ಯುಎಸ್‌ಎ. ಮೊದಲನೇದು ಸುಕ್ರೋಸ್ ಫಾಸ್ಫೇಟ್ ಕಟ್ಟತ್ತೆ, ಎರಡನೇದು ಫಾಸ್ಫೇಟ್ ಕಿತ್ತು ಸುಕ್ರೋಸ್ ಮಾಡತ್ತೆ, ಮೂರನೇದು ಸುಕ್ರೋಸನ್ನ ವಾಪಸ್ ಒಡೆಯೋಕೆ ಬರತ್ತೆ. ಅಂದ್ರೆ ಉಪ್ಪು ಏರಿದಾಗ ಮಾಡೋದು, ಇಳಿದಾಗ ಕರಗಿಸೋದು ಎರಡೂ ಒಂದೇ ಕಂತೆಯಲ್ಲಿ. ಅಲ್ಲೀವರೆಗೆ ಈ ಜಾತಿಯಲ್ಲಿ ಈ ಜೀನುಗಳು ಗೊತ್ತಿದ್ದದ್ದು ಒಂದೇ ಒಂದು ತಳಿಯಲ್ಲಿ, ಪಿಸಿಸಿ 7806. ಅದು ಎಲ್ಲಿಯದು ಗೊತ್ತಾ, ನೆದರ್ಲೆಂಡ್ಸಿನ ಬ್ರಾಕ್‌ಮನ್ ಅನ್ನೋ ಜಲಾಶಯದ್ದು, ಅದು ಮೊದಲು ಸಮುದ್ರದ ಒಂದು ಕೈ, 1952ರಲ್ಲಿ ಅಣೆಕಟ್ಟು ಹಾಕಿ ಮುಚ್ಚಿದ್ದು. ಇದನ್ನ ಓದಿದಾಗ ನಂಗೆ ಎಲ್ಲಾ ಒಂದಕ್ಕೊಂದು ಕೂಡಿ ಬಂದ ಹಾಗಾಯ್ತು.

ಈಗ ಈ ಜೀನುಗಳು ಮೊದಲಿಂದ ಎಲ್ಲಾ ಮೈಕ್ರೋಸಿಸ್ಟಿಸ್‌ನಲ್ಲಿದ್ದು ಸಿಹಿನೀರಿನವು ಕಳ್ಕೊಂಡವಾ, ಇಲ್ಲಾ ಯಾವುದರಲ್ಲೂ ಇಲ್ದೆ ಕೆಲವು ಹೊರಗಿಂದ ಪಡೆದವಾ ಅನ್ನೋದೇ ಪ್ರಶ್ನೆ. ಇದನ್ನ ತೀರ್ಮಾನ ಮಾಡೋಕೆ ಜೀನಿನ ವಂಶವೃಕ್ಷ ಮತ್ತೆ ಜಾತಿಯ ವಂಶವೃಕ್ಷ ಎರಡನ್ನೂ ಅಕ್ಕಪಕ್ಕ ಇಡ್ತಾರೆ. ಎಲ್ಲಾ ಅಜ್ಜನಿಂದಲೇ ಬಂದಿದ್ರೆ ಎರಡೂ ಮರ ಒಂದೇ ಆಕಾರದಲ್ಲಿರಬೇಕು, ಮತ್ತೆ ದೂರದ ತಳಿಗಳ ಜೀನುಗಳ ನಡುವೆ ಸಾಕಷ್ಟು ಅಕ್ಷರ ವ್ಯತ್ಯಾಸ ಸೇರಿರಬೇಕು. ಅವರ ತೀರ್ಮಾನ ಇತ್ತೀಚೆಗೆ ಹೊರಗಿಂದ ಬಂದದ್ದು ಅಂತ, ಅಂದ್ರೆ ಅಡ್ಡಡ್ಡ ವರ್ಗಾವಣೆ, ಅಪ್ಪ ಅಮ್ಮನಿಂದಲ್ಲ ಪಕ್ಕದವರಿಂದ. "ಇತ್ತೀಚೆಗೆ" ಅಂದ್ರೆ ವಿಕಾಸದ ಲೆಕ್ಕದಲ್ಲಿ, ಕಳೆದ ವರ್ಷ ಅಂತಲ್ಲ, ದಯವಿಟ್ಟು ನಿಮ್ಮ ರಿಪೋರ್ಟಲ್ಲಿ ಹಾಗೆ ಬರೀಬೇಡಿ. ಅದಲ್ಲದೆ ಉಪ್ಪು ಕೊಟ್ಟಾಗ ಸುಕ್ರೋಸ್ ನಿಜಕ್ಕೂ ಶೇಖರ ಆಗತ್ತೆ ಅಂತಲೂ ಅಳೆದು ತೋರಿಸಿದ್ರು, ಸವಳು ನೀರಿನಿಂದ ತೆಗೆದ ಬೇರೆ ಮೈಕ್ರೋಸಿಸ್ಟಿಸ್‌ಗಳಲ್ಲಿ ಸರಳ ಜೀನ್ ತಪಾಸಣೆ ಮಾಡಿ ಈ ಜೀನುಗಳು ಅಲ್ಲಿ ಸಾಮಾನ್ಯ ಅಂತಲೂ ಕಂಡ್ಕೊಂಡ್ರು. ಈ ಕೊನೇ ಭಾಗ ನಿಮ್ಮ ಪಿಸಿಆರ್ ಮಷಿನ್ನಲ್ಲೂ ಆಗೋ ಕೆಲಸ, ಗಮನಿಸಿ.

ನೀವು ಕೇಳಬಹುದು ಮೂರು ಜೀನ್ ಬಂದ ಮಾತ್ರಕ್ಕೆ ಸಿಹಿನೀರಿನ ಜೀವಿ ಸವಳು ನೀರಲ್ಲಿ ಬದುಕತ್ತಾ ಅಂತ. ಸೋಡಿಯಂ ಹೊರಗೆ ಹಾಕೋ ಪ್ರೋಟೀನುಗಳು, ಪೊಟ್ಯಾಶಿಯಂ ಎಳೆಯೋವು ಇವೆಲ್ಲಾ ಸಿಹಿನೀರಿನ ಸೈನೋಗಳಲ್ಲೂ ಹೆಚ್ಚೂಕಮ್ಮಿ ಇರ್ತವೆ, ಕೊರತೆ ಇರೋದು ಆ ಕೊನೇ ಹಂತ, ಸಕ್ಕರೆ ತುಂಬೋದು. ಬೇರೆ ಜೀವಿಯ ಜೀನಿಂದ ಆ ಹಂತ ತುಂಬಿಸಿದ್ರೆ ಉಪ್ಪು ತಡಿಯೋ ಶಕ್ತಿ ಹೆಚ್ಚತ್ತೆ ಅನ್ನೋದಕ್ಕೆ ಹಳೇ ಪುರಾವೆ ಇದೆ, 1995ರಲ್ಲಿ ಜಪಾನಿನಲ್ಲೇ ಸಿನೆಕೋಕಾಕಸ್ 7942 ಅನ್ನೋ ಸಿಹಿನೀರಿನ ತಳಿಗೆ ಇ. ಕೊಲೈ ಅನ್ನೋ ಕರುಳಿನ ಬ್ಯಾಕ್ಟೀರಿಯಾದಿಂದ ಗ್ಲೈಸಿನ್ ಬೀಟೇನ್ ಮಾಡೋ ಜೀನುಗಳನ್ನ ಹಾಕಿದ್ರು, ಕೋಲೀನ್ ಕೊಟ್ರೆ ಅದನ್ನ ಬೀಟೇನ್ ಮಾಡ್ಕೊಂಡು ಆ ತಳಿ ಮೊದಲಿಗಿಂತ ಜಾಸ್ತಿ ಉಪ್ಪು ತಡ್ಕೊಂಡಿತು. ಲ್ಯಾಬಲ್ಲಿ ಮನುಷ್ಯರು ಮಾಡಿದ್ದನ್ನ ಸರೋವರದಲ್ಲಿ ಮೈಕ್ರೋಸಿಸ್ಟಿಸ್ ತಾನೇ ಮಾಡ್ಕೊಂಡಿದೆ.

ಹಾಗಂತ ಎಲ್ಲಾ ಮೈಕ್ರೋಸಿಸ್ಟಿಸ್ ಯಾಕೆ ಆ ಜೀನುಗಳನ್ನ ಇಟ್ಕೊಂಡಿಲ್ಲ ಅಂದ್ರೆ ಉಪ್ಪೇ ಇಲ್ಲದ ಕೆರೆಯಲ್ಲಿ ಅದರಿಂದ ಲಾಭ ಇಲ್ಲ, ಬಳಕೆ ಇಲ್ಲದ ಜೀನು ತಲೆಮಾರು ಕಳೆದ ಹಾಗೆ ಕೆಡತ್ತೆ ಇಲ್ಲಾ ಉದುರಿ ಹೋಗತ್ತೆ. ಈ ಜಾತಿಯ ಜೀನೋಮಿನಲ್ಲಿ ಜಾಗ ಬದಲಾಯಿಸೋ ತುಣುಕುಗಳು ವಿಪರೀತ, 2007ರಲ್ಲಿ ಓದಿದ ಕಸುಮಿಗೌರಾ ಸರೋವರದ ತಳಿಯಲ್ಲಿ ಜೀನೋಮಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಅವೇ ಇದ್ದವು, ಅಷ್ಟು ಕಲಕಾಟ ಇರೋ ಜೀನೋಮಿಗೆ ಹೊಸದು ಬರೋದೂ ಸುಲಭ ಹಳೇದು ಹೋಗೋದೂ ಸುಲಭ.

ಹಾಗಾಗಿ ಮೇಡಂ, ನಿಮ್ಮ ಕ್ಲಾಸ್‌ಮೇಟ್ಸ್ ಹೇಳೋದರಲ್ಲಿ ದೊಡ್ಡ ತಪ್ಪು ಅಂದ್ರೆ "ಉಪ್ಪಿನ ಒತ್ತಡಕ್ಕೆ" ಅನ್ನೋ ಮಾತು. ಉಪ್ಪು ಬಂತು ಅಂತ ಬೇಕಾದ ಜೀನು ಬರಲ್ಲ. ಯಾವತ್ತೋ ಯಾವುದೋ ಒಂದು ಸೆಲ್ಲಿಗೆ ಬಂದಿರತ್ತೆ, ಉಪ್ಪು ಇರೋ ಕಡೆ ಅದರ ಸಂತಾನ ಉಳಿಯತ್ತೆ, ಉಳಿದವು ಸಾಯ್ತವೆ.

ಕಗ್ಗದ_ಗದ್ದೆ:

ನಮಸ್ಕಾರ, ನಾನು ವಿಜ್ಞಾನ ಓದಿದವನಲ್ಲ, ಗಜನಿ ಇದೆ ಕಗ್ಗ ಹಾಕ್ತೇವೆ, ಈ ಚರ್ಚೆ ಯಾರೋ ಕಳ್ಸಿದ್ರು ಓದಿದೆ, ಅರ್ಧ ಅರ್ಥ ಆಯ್ತು ಅರ್ಧ ಇಲ್ಲ. ಆದ್ರೆ ಒಂದು ಹೇಳ್ಬೇಕು. ಮಳೆಗಾಲದ ಪಾಚಿ ಬೇರೆ, ಬ್ಯಾಸಿಗೆ ಪಾಚಿ ಬೇರೆ, ಕಣ್ಣಿಗೇ ಗೊತ್ತಾಗ್ತದೆ. ಮಳೆಗಾಲದಲ್ಲಿ ಸಸಿ ಮಧ್ಯೆ ತೇಲೋದು ಮೆತ್ತಗೆ ಲೋಳೆ ಲೋಳೆ ಇರ್ತದೆ, ನೀರು ಇಳಿದ ಮೇಲೆ ಬ್ಯಾಸಿಗೆಗೆ ಕೆಸರ ಮೇಲೆ ಬರೋದು ಕಪ್ಪು ಹಸಿರು, ಒಣಗಿದ್ರೆ ಚರ್ಮದ ಹಾಗೆ ಸುಲಿದು ಬರ್ತದೆ. ಅದು ಒಂದೇ ಪಾಚಿ ಉಪ್ಪಿಗೆ ಒಗ್ಗಿದ್ದು ಅಂದ್ರೆ ನಂಗೆ ಒಪ್ಪೋಕೆ ಕಷ್ಟ.

ಮತ್ತೆ ಎರಡು ಪ್ರಶ್ನೆ. ನಮ್ಮ ಹಿರಿಯರು ಈ ಪಾಚಿ ಗದ್ದೆಗೆ ಒಳ್ಳೇದು ಅಂತಿದ್ರು, ಗಜನಿಗೆ ಗೊಬ್ಬರ ಹಾಕೋ ಪದ್ಧತಿನೇ ಇಲ್ಲ, ಇದು ನಿಜವೋ? ಇನ್ನೊಂದು, ಹಸಿರು ನೀರು ವಿಷ ಅಂತ ಟಿವಿಯಲ್ಲಿ ತೋರಿಸ್ತಾರೆ, ದನ ಕುಡಿದ್ರೆ ಏನಾರು ಆಗ್ತದಾ?

ಬಿಜಿ_ಹನ್ನೊಂದು:

ಯಜಮಾನ್ರೇ, ನೀವು ಹೇಳಿದ್ದು ಈ ಚರ್ಚೆಗೆ ಬೇಕೇ ಬೇಕಿದ್ದ ಮಾತು. ತಂಗಿ, ಇದನ್ನ ಗುರುತು ಹಾಕ್ಕೊಳ್ಳಿ. ಇಲ್ಲೀವರೆಗೆ ಒಂದೇ ಸೆಲ್ಲು ಸಾವರಿಸ್ಕೊಳ್ಳೋದು, ವಂಶಕ್ಕೆ ಜೀನು ಬರೋದು ಅಂತ ಎರಡನ್ನೇ ಮಾತಾಡಿದ್ವಿ, ಆದ್ರೆ ಗಜನಿಯಲ್ಲಿ ನಡೀತಿರೋದು ಬಹುಪಾಲು ಮೂರನೇದೇ ಇರಬಹುದು, ಕಾಲಕ್ಕೆ ತಕ್ಕ ಹಾಗೆ ಜಾತಿಗಳೇ ಬದಲಾಗೋದು. ಸಿಹಿನೀರಿನವು ಹೊಳೆಯಿಂದ ಬರ್ತವೆ, ಉಪ್ಪಿನವು ಉಬ್ಬರದ ಜೊತೆ ಬರ್ತವೆ, ಮತ್ತೆ ಅನಾಬೀನ, ನೋಡ್ಯುಲೇರಿಯಾ ಥರದವು ಅಕಿನೀಟ್ ಅನ್ನೋ ದಪ್ಪ ಗೋಡೆಯ ಸೆಲ್ಲುಗಳನ್ನ ಮಾಡಿ ಕೆಸರಲ್ಲಿ ಮಲಗಿಸ್ತವೆ, ಅವಕ್ಕೆ ಬೇಕಾದ ನೀರು ಬಂದಾಗ ಮತ್ತೆ ಏಳ್ತವೆ.

ಇದಕ್ಕೆ ದೊಡ್ಡ ಮಟ್ಟದ ಉದಾಹರಣೆ ಬಾಲ್ಟಿಕ್. ಅದರ ನಡುಭಾಗದಲ್ಲಿ ಮೇಲ್ನೀರಿನ ಉಪ್ಪು ಲೀಟರಿಗೆ ಬರೀ 6ರಿಂದ 8 ಗ್ರಾಂ, ಸಮುದ್ರದಲ್ಲಿ 35 ಇರತ್ತೆ. ಆ ಸಮುದ್ರ ಸವಳಾಗಿ ಸುಮಾರು 8,000 ವರ್ಷ ಆಯ್ತು ಅಷ್ಟೆ. ಅಷ್ಟರಲ್ಲಿ ಅಲ್ಲಿನ ಬ್ಯಾಕ್ಟೀರಿಯಾಗಳು ಸಿಹಿನೀರಿಂದಲೋ ಸಮುದ್ರದಿಂದಲೋ ಬಂದು ಅಲ್ಲೇ ಮಾರ್ಪಟ್ಟವು ಅಂತ ಯಾರಾದ್ರೂ ಅಂದ್ಕೋತಾರೆ. ಆದ್ರೆ 2015ರಲ್ಲಿ ಸ್ವೀಡನ್ನಿನವರು ನೀರಿನಿಂದ ನೇರ ಜೀನೋಮುಗಳನ್ನ ಕೂಡಿಸಿ ನೋಡಿದಾಗ ಬಾಲ್ಟಿಕ್ ಬ್ಯಾಕ್ಟೀರಿಯಾಗಳ ಹತ್ತಿರದ ನೆಂಟರು ಸಿಕ್ಕಿದ್ದು ಅಮೆರಿಕದ ಸವಳು ನೀರಿನ ಕೊಲ್ಲಿಗಳಲ್ಲಿ. ಬಾಲ್ಟಿಕ್ ಹುಟ್ಟೋಕಿಂತ ಎಷ್ಟೋ ಮೊದಲೇ ಸವಳು ನೀರಿಗೆ ಅಂತಲೇ ಆಗಿದ್ದ ವಂಶಗಳು ಬಂದು ತುಂಬಿಕೊಂಡವು ಅಂತಾಯ್ತು. ನಾವು "ಇಲ್ಲೇ ಹೊಂದಿಕೊಂಡಿದ್ದು" ಅಂತ ಬರೆಯೋ ಮುಂಚೆ ಇದನ್ನ ನೆನಪಿಟ್ಕೋಬೇಕು.

ಯಜಮಾನ್ರ ಮೊದಲ ಪ್ರಶ್ನೆಗೆ, ನಿಮ್ಮ ಹಿರಿಯರು ಹೇಳಿದ್ದು ನಿಜ. ಕೆಲವು ಸೈನೋಗಳು ಗಾಳಿಯ ಸಾರಜನಕವನ್ನ ಹಿಡಿದು ಗೊಬ್ಬರವಾಗಿ ಮಾಡ್ತವೆ, ಭತ್ತದ ಗದ್ದೆಯಲ್ಲಿ ಇವುಗಳ ಪಾತ್ರವನ್ನ ನಮ್ಮ ದೇಶದವರೇ ಆದ ಪಿ. ಕೆ. ಡೇ 1939ರಲ್ಲೇ ತೋರಿಸಿದ್ರು. ಬನಾರಸಿನ ಆರ್. ಎನ್. ಸಿಂಗ್ 1950ರಲ್ಲಿ ಉತ್ತರ ಪ್ರದೇಶದ ಚೌಳು ಭೂಮಿಯನ್ನ ನೀಲಿಹಸಿರು ಪಾಚಿಯಿಂದ ಸರಿ ಮಾಡೋ ಬಗ್ಗೆ ಬರೆದ್ರು. ಎಲ್ಲಾ ಪಾಚಿಯೂ ಈ ಕೆಲಸ ಮಾಡಲ್ಲ, ಆದ್ರೆ ಗೊಬ್ಬರ ಕಾಣದ ಗಜನಿಯಲ್ಲಿ ಭತ್ತ ಬೆಳೆಯೋದರಲ್ಲಿ ಉಬ್ಬರ ತರೋ ಕೆಸರಿನ ಜೊತೆ ಇವುಗಳ ಪಾಲೂ ಇರತ್ತೆ ಅಂತ ನಾನು ನಂಬ್ತೀನಿ. ವಿಷದ ಪ್ರಶ್ನೆಗೆ ನೀರಿನ_ಲ್ಯಾಬ್ ಮೇಡಂ ಉತ್ತರ ಕೊಡಲಿ.

ನೀರಿನ_ಲ್ಯಾಬ್:

ಕೊಡ್ತೀನಿ. ಅಣ್ಣಾ, ಎಲ್ಲಾ ಹಸಿರು ನೀರು ವಿಷ ಅಲ್ಲ, ಆದ್ರೆ ಯಾವುದು ವಿಷ ಅಂತ ಕಣ್ಣಿಂದ ಹೇಳೋಕೆ ಆಗಲ್ಲ, ಮೈಕ್ರೋಸ್ಕೋಪಲ್ಲೂ ಆಗಲ್ಲ. ಒಂದೇ ಜಾತಿಯಲ್ಲಿ ವಿಷ ಮಾಡೋ ತಳಿ, ಮಾಡದ ತಳಿ ಎರಡೂ ಇರ್ತವೆ, ನೋಡೋಕೆ ಒಂದೇ ಥರ. ಗಾಬರಿ ಆಗೋದು ಬೇಡ, ಆದ್ರೆ ನೀರ ಮೇಲೆ ಪೇಂಟಿನ ಹಾಗೆ ದಪ್ಪ ಕೆನೆ ಕಟ್ಟಿದ್ರೆ, ಅದೂ ಗಾಳಿಗೆ ಒಂದು ದಡಕ್ಕೆ ಬಂದು ಸೇರಿದ್ರೆ, ದನಗಳನ್ನ ಅಲ್ಲಿ ಕುಡಿಯೋಕೆ ಬಿಡಬೇಡಿ. ಆ ನೀರು ಕುದಿಸಿದ್ರೆ ಸರಿ ಹೋಗತ್ತೆ ಅಂತಾರೆ, ಇಲ್ಲ, ಮೈಕ್ರೋಸಿಸ್ಟಿಸ್ ಮಾಡೋ ಮೈಕ್ರೋಸಿಸ್ಟಿನ್ ಅನ್ನೋ ವಿಷ ಕುದಿಸಿದ್ರೆ ಹೋಗಲ್ಲ. ಅದು ಹೊಡೆಯೋದು ಲಿವರ್‌ನ.

ಇದರ ಮೇಲೆ ವಿಜ್ಞಾನದಲ್ಲಿ ದಾಖಲಾದ ತೀರಾ ಹಳೇ ವರದಿಗಳಲ್ಲಿ ಒಂದು ಅಳಿವೆ ಥರದ ಜಾಗದ್ದೇ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಮರ್ರೆ ನದಿ ಸಮುದ್ರ ಸೇರೋ ಕಡೆ ಅಲೆಕ್ಸಾಂಡ್ರಿನಾ ಸರೋವರ ಇದೆ, ಅಲ್ಲಿ ನೋಡ್ಯುಲೇರಿಯಾ ಕೆನೆಗಟ್ಟಿದ ನೀರು ಕುಡಿದು ಕುರಿ, ದನ, ಕುದುರೆ ಸತ್ತದ್ದನ್ನ ಜಾರ್ಜ್ ಫ್ರಾನ್ಸಿಸ್ ಅನ್ನೋರು 1878ರಲ್ಲಿ ನೇಚರ್ ಪತ್ರಿಕೆಗೆ ಬರೆದ್ರು. ನೋಡ್ಯುಲೇರಿಯಾ ಸವಳು ನೀರಿಗೆ ಹೇಳಿ ಮಾಡಿಸಿದ ಪಾಚಿ, ಬಾಲ್ಟಿಕ್‌ನಲ್ಲಿ ಬೇಸಿಗೆಯಲ್ಲಿ ಉಪಗ್ರಹದಿಂದ ಕಾಣೋ ಹಾಗೆ ಹರಡೋವುಗಳಲ್ಲಿ ಇದೂ ಒಂದು, ಅದೂ ಸಾರಜನಕ ಹಿಡಿಯತ್ತೆ, ಸುಕ್ರೋಸ್ ತುಂಬ್ಕೊಂಡು ಉಪ್ಪು ತಡಿಯತ್ತೆ.

ಮೈಕ್ರೋಸಿಸ್ಟಿಸ್ ವಿಷಯದಲ್ಲಿ ಉಪ್ಪಿಗೂ ವಿಷಕ್ಕೂ ಒಂದು ಕೊಂಡಿ ಇದೆ, ಜೀನೋಮ್_ಗಿರಣಿ ಹೇಳಿದ ಅದೇ 7806 ತಳಿಯ ಮೇಲೆ ನೆದರ್ಲೆಂಡ್ಸಿನವರು 2007ರಲ್ಲಿ ತೋರಿಸಿದ್ದು: ಲೀಟರಿಗೆ ಸುಮಾರು 10 ಗ್ರಾಂ ಉಪ್ಪಿನವರೆಗೂ ಅದು ಚೆನ್ನಾಗೇ ಬೆಳೆಯತ್ತೆ, ಅದಕ್ಕಿಂತ ಏರಿದಾಗ ಬೆಳವಣಿಗೆ ಕುಸಿದು ಒಳಗಿದ್ದ ವಿಷ ನೀರಿಗೆ ಸೋರೋಕೆ ಶುರು ಆಗತ್ತೆ. ಆದ್ದರಿಂದ ಹಸಿರು ಕೆನೆ ಕಟ್ಟಿದ ಸಿಹಿನೀರಿಗೆ ಒಮ್ಮೆಲೇ ಸಮುದ್ರದ ನೀರು ಬಿಟ್ರೆ ಪಾಚಿ ಸತ್ತು ನೀರು ತಿಳಿಯಾಗಿ ಕಾಣಬಹುದು, ಆದ್ರೆ ವಿಷ ಆ ತಿಳಿನೀರಲ್ಲೇ ಇರತ್ತೆ. ಫ್ಲೋರಿಡಾದಲ್ಲಿ 2016ರಲ್ಲಿ ಒಕಿಚೋಬಿ ಸರೋವರದ ನೀರನ್ನ ಸೇಂಟ್ ಲೂಸಿ ಅಳಿವೆಗೆ ಬಿಟ್ಟಾಗ ಮೈಕ್ರೋಸಿಸ್ಟಿಸ್ ಸಮುದ್ರದ ದಡದವರೆಗೂ ಹೋಗಿ ತುರ್ತು ಪರಿಸ್ಥಿತಿ ಘೋಷಿಸಬೇಕಾಯ್ತು. ಕುಡಿಯೋ ನೀರಲ್ಲಿ ಮೈಕ್ರೋಸಿಸ್ಟಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರೋ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ, ಎಷ್ಟು ಸಣ್ಣದು ನೋಡಿ.

ಉಪ್ಪು ನೀರು ಬಿಡೋಕೆ ಗಜನಿಯ ಗೇಟು ತೆಗೆಯೋ ಮುಂಚೆ ನೀರ ಮೇಲೆ ಕೆನೆ ಇದ್ರೆ ಮೊದಲ ಕೆಲವು ದಿನ ದನ ಆ ಕಡೆ ಹೋಗದ ಹಾಗೆ ನೋಡ್ಕೊಳ್ಳಿ ಅಣ್ಣಾ, ಕೆಸರಿನ ಮೇಲೆ ಚರ್ಮದ ಹಾಗೆ ಕೂರೋದನ್ನ ದನ ಕಿತ್ತು ತಿನ್ನೋಕೂ ಬಿಡಬೇಡಿ.

ಅಳಿವೆ_ಬಾಟನಿ:

ಇಷ್ಟು ವಿಷಯ ಸಿಗತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ಲರಿಗೂ ಋಣಿ. ಹಾಗಾದ್ರೆ ನನ್ನ ಹತ್ರ ಇರೋ ಸಾಮಾನಲ್ಲಿ ಈ ಮೂರರಲ್ಲಿ ಯಾವುದು ನಡೀತಿದೆ ಅಂತ ಹೇಗೆ ಬೇರ್ಪಡಿಸಲಿ? ಬಿಜಿ-11 ಅಂದ್ರೆ ಸೈನೋ ಬೆಳೆಸೋ ಪೋಷಕ ದ್ರಾವಣ, ಆ ಮೀಡಿಯಂಗೆ ಬೇರೆ ಬೇರೆ ಪ್ರಮಾಣದ ಉಪ್ಪು ಹಾಕಿ ಬೆಳೆಸಿ ನೋಡಿ ಅಂತ ಗೈಡ್ ಹೇಳಿದಾರೆ.

ಬಿಜಿ_ಹನ್ನೊಂದು:

ಗೈಡ್ ಹೇಳಿದ್ದು ಬೇಕು, ಆದ್ರೆ ಅದೊಂದೇ ಮಾಡಿದ್ರೆ ಆ ತಳಿ ಎಷ್ಟು ಉಪ್ಪು ತಡಿಯತ್ತೆ ಅಂತ ಮಾತ್ರ ಗೊತ್ತಾಗತ್ತೆ, ಯಾಕೆ ಅಂತ ಗೊತ್ತಾಗಲ್ಲ.

ಮೊದಲು ಒಂದೇ ಗಜನಿಯ ಒಂದೇ ಮೂಲೆಯಿಂದ ಮಳೆಗಾಲದ ಸ್ಯಾಂಪಲ್, ಬೇಸಿಗೆ ಸ್ಯಾಂಪಲ್ ಎರಡೂ ತಗೊಳ್ಳಿ, ಪ್ರತಿ ಸಲ ನೀರಿನ ಉಪ್ಪು ಅಳೆದು ಬರೆದಿಡಿ, ಉಬ್ಬರಾನಾ ಇಳಿತಾನಾ ಅಂತಲೂ ಬರೀರಿ. ತಳಿಗಳನ್ನ ಬೇರ್ಪಡಿಸಿ ಜಾತಿ ಗುರುತು ಹಿಡಿಯೋಕೆ ಬಳಸೋ 16ಎಸ್ ಜೀನ್ ಓದಿಸಿ, ಓದಿಸೋದು ಹೊರಗೆ ಕಳಿಸಿದ್ರೆ ಆಗತ್ತೆ. ಆದ್ರೆ 16ಎಸ್ ಒಂದರಿಂದ ತೀರಾ ಹತ್ತಿರದ ತಳಿಗಳು ಬೇರೆಯಾಗಲ್ಲ, ಅದಕ್ಕೆ 16ಎಸ್ ಮತ್ತೆ 23ಎಸ್ ಜೀನುಗಳ ನಡುವಿನ ತುಣುಕನ್ನೂ ಓದಿಸಿ. ಎರಡು ಕಾಲದಲ್ಲೂ ಬೇರೆ ಬೇರೆ ತಳಿಗಳೇ ಸಿಕ್ಕಿದ್ರೆ ಯಜಮಾನ್ರು ಹೇಳಿದ್ದೇ ಸರಿ, ಗುಂಪು ಬದಲಾಗ್ತಿದೆ. ಒಂದೇ ತಳಿ ಎರಡರಲ್ಲೂ ಸಿಕ್ಕಿದ್ರೆ ಅದನ್ನ ಹಿಡ್ಕೊಳ್ಳಿ, ನಿಮ್ಮ ಪ್ರಾಜೆಕ್ಟಿನ ಜೀವ ಅದೇ. ಅದರ ಅರ್ಧವನ್ನ ಸಿಹಿ ಮೀಡಿಯಂನಲ್ಲಿ ತಿಂಗಳುಗಟ್ಟಲೆ ಬೆಳೆಸ್ತಾ ಹೋಗಿ, ಇನ್ನರ್ಧ ಉಪ್ಪಿನ ಮೀಡಿಯಂನಲ್ಲಿ, ಆಮೇಲೆ ಅದಲುಬದಲು ಮಾಡಿ. ಸಿಹಿಯಲ್ಲಿದ್ದದ್ದು ಒಂದೆರಡು ದಿನ ಮಂಕಾಗಿ ಮತ್ತೆ ಮೊದಲಿನ ವೇಗಕ್ಕೆ ಬಂದ್ರೆ ಅದು ಸೆಲ್ಲು ಸಾವರಿಸ್ಕೊಂಡಿದ್ದು. ಬಹುಪಾಲು ಸತ್ತು, ತುಂಬಾ ದಿನ ಬಿಟ್ಟು ಎಲ್ಲೋ ಒಂದೊಂದು ಚುಕ್ಕೆ ಬೆಳೆದು, ಅವು ಮಾತ್ರ ಮುಂದೆ ಉಪ್ಪಲ್ಲಿ ಸಲೀಸಾಗಿ ಬಂದ್ರೆ ಆಗ ಮ್ಯುಟೇಶನ್ ಬಗ್ಗೆ ಯೋಚಿಸಿ. ಸುಕ್ರೋಸ್ ಜೀನ್ ಮತ್ತೆ ಜಿಜಿಪಿಎಸ್ ಜೀನ್ ಇದೆಯೋ ಇಲ್ಲವೋ ಅಂತ ಪಿಸಿಆರ್ ಮಾಡಿ. ಜೀನೋಮ್_ಗಿರಣಿಯವರು ಪ್ರೈಮರ್ ಅಂದ್ರೆ ಪಿಸಿಆರ್‌ಗೆ ಜೀನಿನ ಜಾಗ ತೋರಿಸೋ ಸಣ್ಣ ಡಿಎನ್‌ಎ ತುಣುಕು, ಅದರ ವಿನ್ಯಾಸಕ್ಕೆ ಸಹಾಯ ಮಾಡ್ತಾರೆ ಅಂತ ಅವರ ಪರವಾಗಿ ನಾನೇ ಹೇಳಿಬಿಡ್ತೀನಿ. ಪಿಸಿಆರ್ ಬರಲಿಲ್ಲ ಅಂದ ಮಾತ್ರಕ್ಕೆ ಜೀನ್ ಇಲ್ಲ ಅಂತ ಬರೀಬೇಡಿ, ಪ್ರೈಮರ್ ಕೂರದೆಯೂ ಇರಬಹುದು.

ಮತ್ತೆ ಇದನ್ನ ಖಂಡಿತ ಮರೀಬೇಡಿ: ಬಿಜಿ-11 ಮೀಡಿಯಂನಲ್ಲಿ ಲೀಟರಿಗೆ 1.5 ಗ್ರಾಂ ಸೋಡಿಯಂ ನೈಟ್ರೇಟ್ ಇದೆ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಆಪ್ಟೆ ಮತ್ತೆ ಜೊತೆಗಾರರು ಸವಳು ನೀರಿನ ಅನಾಬೀನ ಟೊರುಲೋಸಾ, ಸಿಹಿನೀರಿನ ಅನಾಬೀನ ಎಲ್-31 ಎರಡನ್ನೂ ಹೋಲಿಸಿ 1987ರಲ್ಲಿ ತೋರಿಸಿದ್ದು ಏನಂದ್ರೆ, ಉಪ್ಪು ತಡಿಯೋದು ಸೋಡಿಯಂ ಒಳಗೆ ಬರೋದನ್ನ ಎಷ್ಟು ತಡೆಗಟ್ಟತ್ತೆ ಅನ್ನೋದರ ಮೇಲೆ ನಿಂತಿದೆ, ಟೊರುಲೋಸಾ ಅದರಲ್ಲಿ ಗಟ್ಟಿ, ಮತ್ತೆ ಮೀಡಿಯಂನಲ್ಲಿ ನೈಟ್ರೇಟ್ ಥರದ ಸಾರಜನಕ ಇದ್ರೆ ಎರಡರಲ್ಲೂ ಸೋಡಿಯಂ ಒಳಹರಿವು ಕಮ್ಮಿಯಾಗಿ ಎರಡೂ ಜಾಸ್ತಿ ಉಪ್ಪು ತಡೀತವೆ. ಅಂದ್ರೆ ಪೂರ್ತಿ ಬಿಜಿ-11ನಲ್ಲಿ ಬೆಳೆಸಿದ್ರೆ ನೈಟ್ರೇಟ್ ಕೊಟ್ಟ ಬಲವನ್ನ ನೀವು ತಳಿಯ ಬಲ ಅಂತ ಲೆಕ್ಕ ಹಾಕ್ತೀರಿ, ಗೊಬ್ಬರ ಕಾಣದ ಗಜನಿಯಲ್ಲಿ ಆ ನೈಟ್ರೇಟ್ ಇರಲ್ಲ. ಸಾರಜನಕ ಹಿಡಿಯೋ ತಳಿಗಳಿಗೆ ನೈಟ್ರೇಟ್ ಇಲ್ಲದ ಬಿಜಿ-11, ನೈಟ್ರೇಟ್ ಇರೋದು ಎರಡೂ ಸಾಲು ಇಡಿ. ಬೆಳಕೂ ಎರಡು ಮಟ್ಟದಲ್ಲಿ ಇಡೋಕೆ ರ‍್ಯಾಕಲ್ಲಿ ಜಾಗ ಇದ್ರೆ ಇನ್ನೂ ಒಳ್ಳೇದು, ಜಾಗ ಇಲ್ದಿದ್ರೆ ಉಪ್ಪಿನ ಮಟ್ಟಗಳನ್ನ ಕಮ್ಮಿ ಮಾಡಿ, ನೈಟ್ರೇಟ್ ಸಾಲು ಮಾತ್ರ ಬಿಡಬೇಡಿ.